ಕೊಂದರೂ ಕೊಲೆಯಲ್ಲ!

ಊರ ಜಾತ್ರೆಯಲ್ಲಿ ಮಾತಿಗೆ ಮಾತು ಬೆಳೆದು, ಕೈಗೆ ಸಿಕ್ಕ ದೊಣ್ಣೆಯಿಂದ ಒಬ್ಬ ಇನ್ನೊಬ್ಬನ ತಲೆಗೆ ಹೊಡೆಯುತ್ತಾನೆ. ಪೆಟ್ಟು ತಿಂದವನು ಆಸ್ಪತ್ರೆಯಲ್ಲಿ ಸಾಯುತ್ತಾನೆ. ಮರುದಿನ ಪತ್ರಿಕೆಗಳಲ್ಲಿ 'ಜಾತ್ರೆಯಲ್ಲಿ ಕೊಲೆ' ಎಂದು ಸುದ್ದಿ. ಕೆಲವು ವರ್ಷಗಳ ನಂತರ ಅದೇ ಪ್ರಕರಣದ ತೀರ್ಪು ಬರುತ್ತದೆ. ಹೊಡೆದದ್ದು ನಿಜ, ಆ ಪೆಟ್ಟಿನಿಂದಲೇ ಸತ್ತದ್ದೂ ನಿಜ, ಆದರೆ ಇದು ಕೊಲೆಯಲ್ಲ ಎನ್ನುತ್ತದೆ ನ್ಯಾಯಾಲಯ. ಓದುಗರಿಗೆ ತಲೆಬುಡ ತಿಳಿಯುವುದಿಲ್ಲ. ಕೊಂದದ್ದು ಕೊಲೆಯಲ್ಲದೆ ಮತ್ತೇನು?

ಈ ಗೊಂದಲದ ಬೇರು ಇಂಗ್ಲಿಷ್ ಭಾಷೆಯಲ್ಲಿದೆ. ಅಲ್ಲಿ ಒಬ್ಬ ಮನುಷ್ಯ ಇನ್ನೊಬ್ಬನನ್ನು ಕೊಲ್ಲುವುದಕ್ಕೆ ಹೋಮಿಸೈಡ್, ಮರ್ಡರ್, ಮ್ಯಾನ್‌ಸ್ಲಾಟರ್ ಎಂಬ ಮೂರು ಪದಗಳಿವೆ. ಮಾತಿನಲ್ಲಿ ಇವು ಒಂದರ ಬದಲಿಗೆ ಒಂದು ಬಂದುಬಿಡುತ್ತವೆ. ಕಾನೂನಿನಲ್ಲಿ ಮಾತ್ರ ಇವುಗಳ ನಡುವಿನ ಅಂತರ ನೇಣುಗಂಬದಷ್ಟು ದೊಡ್ಡದು.

ಹೋಮಿಸೈಡ್ ಲ್ಯಾಟಿನ್ ಮೂಲದ್ದು. 'ಮನುಷ್ಯನನ್ನು ಕೊಲ್ಲುವುದು' ಎಂಬಷ್ಟೇ ಅದರ ಅರ್ಥ. ತಪ್ಪು ಒಪ್ಪುಗಳ ಮಾತೇ ಅದರಲ್ಲಿಲ್ಲ. ಆತ್ಮರಕ್ಷಣೆಗಾಗಿ ಕೊಂದರೂ ಅದು ಹೋಮಿಸೈಡೇ. ಅಮೆರಿಕದ ಮರಣೋತ್ತರ ವರದಿಯಲ್ಲಿ 'ಹೋಮಿಸೈಡ್' ಎಂದು ಬರೆದಿದ್ದರೆ ಇನ್ನೊಬ್ಬನ ಕೈಯಿಂದ ಸಾವು ಬಂತು ಎಂದಷ್ಟೇ ತಿಳಿಯಬೇಕು, ಅಪರಾಧ ನಡೆಯಿತೆಂದಲ್ಲ. ಮ್ಯಾನ್‌ಸ್ಲಾಟರ್ ಅಚ್ಚ ಇಂಗ್ಲಿಷ್ ಸಮಾಸ. ಅದನ್ನು ತಪ್ಪು ಜಾಗದಲ್ಲಿ ಒಡೆದರೆ 'ಮನುಷ್ಯನ ನಗು' ಎಂದಾಗುತ್ತದೆಂಬುದು ಶಾಲಾ ಮಕ್ಕಳ ಹಳೆಯ ತಮಾಷೆ. ನಿಜವಾದ ಕತೆ ಇರುವುದು ಮರ್ಡರ್ ಪದದಲ್ಲಿ.

ನಮ್ಮ ಮೃತ್ಯು, ಮರಣ, ಮೃತ ಪದಗಳಿಗೂ ಮರ್ಡರ್‌ಗೂ ದೂರದ ನೆಂಟಸ್ತಿಕೆ ಇದೆ, ಮೂಲಧಾತು ಒಂದೇ. ಹಳೆಯ ಜರ್ಮಾನಿಕ್ ಜನರಲ್ಲಿ ಎಲ್ಲರೆದುರು ಹೊಡೆದು ಕೊಂದು 'ಹೌದು, ನಾನೇ' ಎನ್ನುವವನಿಗೆ ಒಂದು ನ್ಯಾಯವಿತ್ತು; ಸತ್ತವನ ಬಂಧುಗಳಿಗೆ ಪರಿಹಾರ ಕೊಟ್ಟು ಪಾರಾಗಬಹುದಿತ್ತು. ಗುಟ್ಟಾಗಿ ಕೊಂದು ಬಚ್ಚಿಡುವುದು ಹೇಯ ಕೃತ್ಯ. ಮರ್ಡರ್ ಪದದ ಪೂರ್ವಜ ಈ ಎರಡನೆಯದಕ್ಕೆ ಅಂಟಿಕೊಂಡ ಹೆಸರು.

1066ರಲ್ಲಿ ಫ್ರಾನ್ಸಿನ ನಾರ್ಮಂಡಿಯಿಂದ ಬಂದ ವಿಲಿಯಂ ಹೇಸ್ಟಿಂಗ್ಸ್ ಕದನ ಗೆದ್ದು ಇಂಗ್ಲೆಂಡಿನ ದೊರೆಯಾದ. ಅವನ ಜೊತೆ ಬಂದ ನಾರ್ಮನ್ನರು ಬೆರಳೆಣಿಕೆಯ ಮಂದಿ. ಸುತ್ತಲೂ ಸೋತು ಕುದಿಯುತ್ತಿದ್ದ ಪ್ರಜೆಗಳು. ಕತ್ತಲಲ್ಲಿ, ಕಾಡುದಾರಿಯಲ್ಲಿ ನಾರ್ಮನ್ನರ ಹೆಣ ಬೀಳತೊಡಗಿದವು. ಕೊಂದವನನ್ನು ಹಿಡಿದುಕೊಡುವವರಿಲ್ಲ. ಆಗ ಹುಟ್ಟಿದ್ದು 'ಮರ್ಡ್ರಂ' ಎಂಬ ದಂಡ. ನಾರ್ಮನ್ ಒಬ್ಬ ಕೊಲೆಯಾದರೆ ಹಂತಕನ ಒಡೆಯ ಐದು ದಿನದೊಳಗೆ ಅವನನ್ನು ಹಿಡಿದುಕೊಡಬೇಕು. ಇಲ್ಲವಾದರೆ 46 ಬೆಳ್ಳಿ ಮಾರ್ಕ್ ದಂಡ. ಒಡೆಯನ ಆಸ್ತಿ ಸಾಲದಿದ್ದರೆ ಉಳಿದದ್ದನ್ನು ನಮ್ಮ ಹೋಬಳಿಯಂಥ 'ಹಂಡ್ರೆಡ್' ಎಂಬ ಇಡೀ ಸೀಮೆಯ ಜನ ಒಟ್ಟಾಗಿ ತೆರಬೇಕು.

ಗುರುತಿಲ್ಲದ ಹೆಣ ಸಿಕ್ಕರೆ? ಅವನು ನಾರ್ಮನ್ನನೇ ಎಂದು ಲೆಕ್ಕ. ಅಲ್ಲ, ಇವನು ನಮ್ಮವನೇ, ಇಂಗ್ಲಿಷ್ ಪ್ರಜೆ ಎಂದು ಸತ್ತವನ ನೆಂಟರು ಬಂದು ಪ್ರಮಾಣ ಮಾಡಿದರೆ ಮಾತ್ರ ದಂಡ ತಪ್ಪುತ್ತಿತ್ತು. ಅಂದರೆ ಸತ್ತವನು ಆಳುವ ಜಾತಿಯವನೋ, ಆಳಿಸಿಕೊಳ್ಳುವವನೋ ಎಂಬುದರ ಮೇಲೆ ಈ ಪದದ ಅರ್ಥ ನಿಂತಿತ್ತು! ನೂರು ವರ್ಷ ಕಳೆಯುವುದರೊಳಗೆ ಎರಡೂ ಕಡೆಯವರು ಕೊಟ್ಟು ತಂದು ಬೆರೆತುಹೋದರು. 1170ರ ದಶಕದ ಕೊನೆಯಲ್ಲಿ ರಾಜನ ಖಜಾನೆಯ ಅಧಿಕಾರಿ ರಿಚರ್ಡ್ ಫಿಟ್ಜ್‌ನೀಲ್, ಸ್ವತಂತ್ರ ಪ್ರಜೆಗಳಲ್ಲಿ ಯಾರು ಇಂಗ್ಲಿಷರು, ಯಾರು ನಾರ್ಮನ್ನರು ಎಂದು ಹೇಳುವುದೇ ಕಷ್ಟವಾಗಿದೆ ಎಂದು ಬರೆದಿಟ್ಟಿದ್ದಾನೆ. ಆದರೂ ದಂಡ ನಿಲ್ಲಲಿಲ್ಲ. ಖಜಾನೆಗೆ ಬರುವ ಹಣವನ್ನು ಯಾವ ಸರ್ಕಾರ ಬಿಟ್ಟೀತು? ಅದು ರದ್ದಾದದ್ದು 1340ರಲ್ಲಿ, ಮೂರನೆಯ ಎಡ್ವರ್ಡನ ಕಾಲದಲ್ಲಿ.

ದಂಡ ಹೋಯಿತು, ಪದ ಉಳಿಯಿತು. ಅದಕ್ಕೆ ಹೊಸ ಅರ್ಥ ಬಂದುದು ಇನ್ನೊಂದು ವಿಚಿತ್ರ ದಾರಿಯಿಂದ. ಆ ಕಾಲದಲ್ಲಿ ಪಾದ್ರಿಗಳನ್ನು ರಾಜನ ನ್ಯಾಯಾಲಯ ಗಲ್ಲಿಗೇರಿಸುವಂತಿರಲಿಲ್ಲ. ಪಾದ್ರಿ ಯಾರೆಂದು ತಿಳಿಯುವುದು ಹೇಗೆ? ಓದಲು ಬಂದರೆ ಪಾದ್ರಿ! ಬೈಬಲಿನ 51ನೇ ಕೀರ್ತನೆಯ ಒಂದು ವಚನ ಓದಿದವನು ಕೊರಳು ಉಳಿಸಿಕೊಳ್ಳುತ್ತಿದ್ದ. ಅದಕ್ಕೆ 'ಕೊರಳಿನ ವಚನ' ಎಂದೇ ಅಡ್ಡಹೆಸರು. ಹದಿನಾರನೇ ಶತಮಾನದಲ್ಲಿ ಪಾರ್ಲಿಮೆಂಟ್ ಈ ರಿಯಾಯಿತಿಗೆ ಕತ್ತರಿ ಹಾಕುತ್ತ, ಮೊದಲೇ ಹಗೆ ಇಟ್ಟುಕೊಂಡು ಕೊಂದವನಿಗೆ ಅದು ಸಿಗದಂತೆ ಮಾಡಿತು. ಹಾಗೆ ಕೊಂದದ್ದು ಮರ್ಡರ್. ದಿಢೀರ್ ಜಗಳದ ಬಿಸಿಯಲ್ಲಿ ಕೊಂದದ್ದು ಮ್ಯಾನ್‌ಸ್ಲಾಟರ್. ಮೊದಲನೆಯವನಿಗೆ ನೇಣು, ಎರಡನೆಯವನಿಗೆ, ಓದಲು ಬಂದರೆ, ಹೆಬ್ಬೆರಳಿಗೆ ಬರೆ. 1598ರಲ್ಲಿ ನಾಟಕಕಾರ ಬೆನ್ ಜಾನ್ಸನ್ ದ್ವಂದ್ವದಲ್ಲಿ ಗೇಬ್ರಿಯಲ್ ಸ್ಪೆನ್ಸರ್ ಎಂಬ ನಟನನ್ನು ಕೊಂದು, ತಪ್ಪೊಪ್ಪಿಕೊಂಡು, ಹೀಗೇ ಬರೆ ಹಾಕಿಸಿಕೊಂಡು ಹೊರಬಂದ. ಓದಲು ಬಾರದವನಾಗಿದ್ದರೆ ಆತ ಆಮೇಲೆ ಬರೆದ ನಾಟಕಗಳೇ ನಮಗೆ ಸಿಗುತ್ತಿರಲಿಲ್ಲ.

ಈ ಭೇದ ಹಡಗು ಹತ್ತಿ ಭಾರತಕ್ಕೂ ಬಂತು. ಮೆಕಾಲೆ ನೇತೃತ್ವದ ಕಾನೂನು ಆಯೋಗ 1837ರಲ್ಲಿ ಕರಡು ಸಿದ್ಧಪಡಿಸಿತು. ದಂಡ ಸಂಹಿತೆ ಅಂಗೀಕಾರವಾದದ್ದು 1860ರಲ್ಲಿ. ಅದರಲ್ಲಿ ಮರ್ಡರ್ ಇದೆ, ಮ್ಯಾನ್‌ಸ್ಲಾಟರ್ ಇಲ್ಲ. ಸ್ಕಾಟ್ಲೆಂಡಿನ ಕಾನೂನಿನಲ್ಲಿರುವ 'ಕಲ್ಪಬಲ್ ಹೋಮಿಸೈಡ್', ಅಂದರೆ ಶಿಕ್ಷಾರ್ಹ ನರಹತ್ಯೆ, ಎಂಬ ಪದ ಇಲ್ಲಿ ಕಾಣಿಸುತ್ತದೆ. ಎಲ್ಲ ಕೊಲೆಯೂ ನರಹತ್ಯೆ, ಎಲ್ಲ ನರಹತ್ಯೆಯೂ ಕೊಲೆಯಲ್ಲ ಎಂದು 1976ರಲ್ಲಿ ಸುಪ್ರೀಂ ಕೋರ್ಟ್ ಬಿಡಿಸಿ ಹೇಳಿತು. ಮಾಡಿದ ಗಾಯದಿಂದ ಸಾವು ಬರಬಹುದಾಗಿತ್ತೇ, ಸಹಜವಾಗಿ ಸಾವು ತರಲು ಅದೊಂದೇ ಸಾಕಾಗಿತ್ತೇ ಎಂಬ ಕೂದಲೆಳೆಯ ಅಂತರದ ಮೇಲೆ ವಕೀಲರು ದಿನಗಟ್ಟಲೆ ವಾದಿಸುತ್ತಾರೆ. ಹಠಾತ್ ಹೊಡೆದಾಟ, ತೀವ್ರ ಪ್ರಚೋದನೆ ಮುಂತಾದ ಐದು ಸಂದರ್ಭಗಳಲ್ಲಿ ಕೊಲೆಯೂ ಒಂದು ಮೆಟ್ಟಿಲು ಇಳಿದು ನರಹತ್ಯೆಯಾಗುತ್ತದೆ.

ಪ್ರಚೋದನೆಯ ಮಾತು ಬಂದರೆ ನಾನಾವತಿ ಪ್ರಕರಣ ನೆನಪಾಗದಿರದು. 1959ರ ಏಪ್ರಿಲ್‌ನಲ್ಲಿ ನೌಕಾಪಡೆಯ ಕಮಾಂಡರ್ ನಾನಾವತಿ, ಪತ್ನಿಯ ಗೆಳೆಯ ಪ್ರೇಮ್ ಅಹುಜಾನನ್ನು ಮುಂಬಯಿಯಲ್ಲಿ ಗುಂಡಿಕ್ಕಿ ಕೊಂದ. ಜೂರಿ ಎಂಟಕ್ಕೆ ಒಂದು ಮತದಿಂದ ನಿರ್ದೋಷಿ ಎಂದಿತು; ಹೈಕೋರ್ಟ್ ಒಪ್ಪದೆ ಜೀವಾವಧಿ ಶಿಕ್ಷೆ ವಿಧಿಸಿತು. ಕೈಕೈ ಮಿಲಾಯಿಸಿದಾಗ ಗುಂಡು ತಾನಾಗಿ ಹಾರಿತು, ಅದಲ್ಲದಿದ್ದರೂ ಇದು ಪ್ರಚೋದನೆಯಿಂದ ಆದದ್ದು ಎಂಬ ವಾದವನ್ನು 1961ರಲ್ಲಿ ಸುಪ್ರೀಂ ಕೋರ್ಟ್ ಕೂಡ ತಳ್ಳಿಹಾಕಿತು. ಪತ್ನಿ ವಿಷಯ ತಿಳಿಸಿದ ಮೇಲೆ ಆತ ಸಂಸಾರವನ್ನು ಸಿನಿಮಾಕ್ಕೆ ಬಿಟ್ಟು, ಹಡಗಿಗೆ ಹೋಗಿ ರಿವಾಲ್ವರ್ ಪಡೆದು, ಅಹುಜಾನ ಕಚೇರಿಯಲ್ಲಿ ಹುಡುಕಿ, ನಂತರ ಮನೆಗೆ ಹೋಗಿದ್ದ. ಸಿಟ್ಟು ಆರಲು ಅಷ್ಟು ಹೊತ್ತು ಸಾಕು ಎಂಬುದು ನ್ಯಾಯಾಲಯದ ನಿಲುವು. 1964ರಲ್ಲಿ ರಾಜ್ಯಪಾಲೆ ವಿಜಯಲಕ್ಷ್ಮಿ ಪಂಡಿತ್ ಕ್ಷಮಾದಾನ ನೀಡಿದರು.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಸೆಕ್ಷನ್ 302 ಹೋಗಿ 103 ಬಂದಿದೆ. ಕೊಲೆಗೆ ಮರಣದಂಡನೆ ಅಥವಾ ಜೀವಾವಧಿ, ಅದಕ್ಕಿಂತ ಕಡಿಮೆಯಿಲ್ಲ. ಕೊಲೆಯಲ್ಲದ ನರಹತ್ಯೆಗೆ ಸೆಕ್ಷನ್ 105; ಕೊಲ್ಲುವ ಉದ್ದೇಶವಿಲ್ಲದೆ, ಸಾವು ಬರಬಹುದೆಂದು ಗೊತ್ತಿದ್ದು ಮಾಡಿದ ಕೃತ್ಯವಾದರೆ ಗರಿಷ್ಠ ಹತ್ತು ವರ್ಷ. ಜಾತ್ರೆಯಲ್ಲಿ ದೊಣ್ಣೆ ಬೀಸಿದವನು ಜೈಲಿನಿಂದ ಯಾವಾಗ ಮನೆಗೆ ಬಂದಾನು, ಬಂದಾನೋ ಇಲ್ಲವೋ ಎಂಬುದೆಲ್ಲ ಈ ಎರಡು ಸಂಖ್ಯೆಗಳ ನಡುವೆ ಇದೆ. ಪತ್ರಿಕೆಯ ತಲೆಬರಹಕ್ಕೆ ಎರಡಕ್ಷರದ 'ಕೊಲೆ' ಒದಗಿದಷ್ಟು ಸಲೀಸಾಗಿ 'ಕೊಲೆಯಲ್ಲದ ಶಿಕ್ಷಾರ್ಹ ನರಹತ್ಯೆ' ಒದಗುವುದಿಲ್ಲ ಎಂಬುದಂತೂ ನಿಜ. ಹಾಗಾಗಿ ಮೊದಲ ದಿನದ ಸುದ್ದಿಯಲ್ಲಿ ಎಲ್ಲವೂ ಕೊಲೆಯೇ.