ಕೌದಿ

ಕೌದಿ ಎಂಬುದು ಬಳಸಿ ಹಳತಾದ ಹತ್ತಿ ಬಟ್ಟೆಗಳನ್ನು ಪದರಪದರವಾಗಿ ಜೋಡಿಸಿ, ಕೈಹೊಲಿಗೆಯಿಂದ ಒಂದುಗೂಡಿಸಿ ತಯಾರಿಸುವ ಸಾಂಪ್ರದಾಯಿಕ ಹೊದಿಕೆ. ಇದನ್ನು ಹೊದೆಯಲು ಮಾತ್ರವಲ್ಲದೆ ಚಾಪೆಯ ಮೇಲೆ ಹಾಸಲು, ತೊಟ್ಟಿಲಿನಲ್ಲಿ ಮಗುವಿಗೆ ಮೆತ್ತೆಯಾಗಿಸಲು ಮತ್ತು ಅತಿಥಿಗಳಿಗೆ ಕೂರಲು ಹಾಸಿಕೊಡಲು ಸಹ ಬಳಸುತ್ತಾರೆ. ಕರ್ನಾಟಕದ ಉತ್ತರದ ಜಿಲ್ಲೆಗಳಲ್ಲಿ ಕೌದಿಯ ಬಳಕೆ ಹೆಚ್ಚು ವ್ಯಾಪಕವಾಗಿದ್ದರೂ ಹಳೆಯ ಸೀರೆ ಮತ್ತು ಪಂಚೆಗಳನ್ನು ಹೊಲಿದು ಹೊದಿಕೆ ಮಾಡಿಕೊಳ್ಳುವ ರೂಢಿ ಮೈಸೂರು ಜಿಲ್ಲೆಯ ನಂಜನಗೂಡು, ತಿರುಮಕೂಡಲು ನರಸೀಪುರ ಮುಂತಾದ ತಾಲ್ಲೂಕುಗಳನ್ನು ಒಳಗೊಂಡ ದಕ್ಷಿಣ ಭಾಗದಲ್ಲಿಯೂ ಇದೆ. ಒಂದು ಕುಟುಂಬದ ಹಲವು ವರ್ಷಗಳ ಉಡುಪುಗಳು ಒಂದೇ ವಸ್ತುವಿನಲ್ಲಿ ಸೇರುವುದರಿಂದ ಕೌದಿಯು ಮನೆಬಳಕೆಯ ಸಾಮಗ್ರಿಯಷ್ಟೇ ಅಲ್ಲದೆ ಕೌಟುಂಬಿಕ ನೆನಪಿನ ದಾಖಲೆಯೂ ಆಗಿದೆ.

ಹೆಸರು

ಪ್ರದೇಶಕ್ಕೆ ಅನುಗುಣವಾಗಿ ಕೌದಿ, ಕವುದಿ, ಕವದಿ ಎಂಬ ರೂಪಗಳು ಬಳಕೆಯಲ್ಲಿವೆ. ಉತ್ತರ ಕನ್ನಡ ಜಿಲ್ಲೆಯ ಸಿದ್ದಿ ಸಮುದಾಯದವರು ಇದನ್ನು ಕವಂದಿ ಎನ್ನುತ್ತಾರೆ. ಚಿಂದಿ ಬಟ್ಟೆಗಳನ್ನು ಸೇರಿಸಿ ಹೊಲಿದ ಹೊದಿಕೆ ಅಥವಾ ಮೇಲುಡುಪಿಗೆ ಕನ್ನಡದಲ್ಲಿ ಕಂತೆ ಮತ್ತು ಬೊಂತೆ ಎಂಬ ಹಳೆಯ ಪದಗಳೂ ಇವೆ. ಕಂತೆ ಎಂಬುದು ಸಂಸ್ಕೃತದ ‘ಕಂಥಾ’ ಶಬ್ದದ ತದ್ಭವ. ಬಂಗಾಳದ ಹೆಸರಾಂತ ಕಾಂಥಾ ಹೊಲಿಗೆಯ ಹೆಸರೂ ಇದೇ ಮೂಲದ್ದು. ‘ಕಂತೆಗೆ ತಕ್ಕ ಬೊಂತೆ’ ಎಂಬ ಗಾದೆಯಲ್ಲಿ ಈ ಎರಡೂ ಪದಗಳು ಜೊತೆಯಾಗಿ ಬಂದಿವೆ. ದೇಹವನ್ನು ಹಳೆಯ ಬಟ್ಟೆಗೆ ಹೋಲಿಸಿ, ಸಾಯುವುದನ್ನು ‘ಕಂತೆ ಒಗೆಯುವುದು’ ಎಂದು ಹೇಳುವ ನುಡಿಗಟ್ಟೂ ಕನ್ನಡದಲ್ಲಿದೆ.

ಕೌದಿಯು ಕಂಬಳಿ, ಜಮಖಾನ ಮತ್ತು ರಜಾಯಿಗಳಿಂದ ಭಿನ್ನವಾದುದು. ಕಂಬಳಿಯು ಕುರಿಯ ಉಣ್ಣೆಯಿಂದ ನೇಯ್ದ ಹೊದಿಕೆ. ಜಮಖಾನವು ಮಗ್ಗದಲ್ಲಿ ನೇಯ್ದ ದಪ್ಪ ಹಾಸು. ರಜಾಯಿಯು ಎರಡು ಬಟ್ಟೆಗಳ ನಡುವೆ ಹಿಂಜಿದ ಹತ್ತಿಯನ್ನು ತುಂಬಿದ ಹೊದಿಕೆ. ಕೌದಿಯಲ್ಲಿ ನೇಯ್ಗೆಯೂ ಇಲ್ಲ, ತುಂಬಿದ ಹತ್ತಿಯೂ ಇಲ್ಲ. ಅದರ ದಪ್ಪ ಬರುವುದು ಬಟ್ಟೆಯ ಪದರಗಳಿಂದಲೇ.

ಹಿನ್ನೆಲೆ

ತುಂಡು ಬಟ್ಟೆಗಳನ್ನು ಜೋಡಿಸಿ ಹೊಲಿಯುವ ಪದ್ಧತಿ ಭಾರತದಲ್ಲಿ ಬಹು ಪ್ರಾಚೀನ. ಬೌದ್ಧ ಭಿಕ್ಷುಗಳ ಚೀವರವನ್ನು ತುಂಡುಗಳಾಗಿ ಕತ್ತರಿಸಿ, ಮಗಧದ ಬದುಗಳಿರುವ ಗದ್ದೆಗಳಂತೆ ಕಾಣುವ ಹಾಗೆ ಹೊಲಿಯಬೇಕೆಂಬ ನಿಯಮ ವಿನಯಪಿಟಕದಲ್ಲಿದೆ. ವಿರಕ್ತರು, ಜೋಗಿಗಳು ಮತ್ತು ಫಕೀರರು ತೇಪೆ ಹಚ್ಚಿದ ಉಡುಪನ್ನು ತ್ಯಾಗದ ಗುರುತಾಗಿ ಧರಿಸುತ್ತಿದ್ದರು. ಗೃಹಸ್ಥರ ಮನೆಯಲ್ಲಿ ಇದೇ ಪದ್ಧತಿ ಮಿತವ್ಯಯದ ರೂಪ ತಳೆಯಿತು. ಬಟ್ಟೆ ದುಬಾರಿಯಾಗಿದ್ದ ಕಾಲದಲ್ಲಿ ಉಟ್ಟು ಸವೆದ ಸೀರೆ ಮೊದಲು ಹೊದಿಕೆಯಾಗಿ, ಹೊದಿಕೆ ಹರಿದಾಗ ಮಗುವಿನ ಮೆತ್ತೆಯಾಗಿ, ಕೊನೆಗೆ ನೆಲ ಒರೆಸುವ ಬಟ್ಟೆಯಾಗಿ ಪೂರ್ತಿ ಬಳಕೆಯಾಗುತ್ತಿತ್ತು.

ಭಾರತ ಉಪಖಂಡದ ಇತರ ಭಾಗಗಳಲ್ಲಿಯೂ ಇದಕ್ಕೆ ಸಮಾನವಾದ ಹೊದಿಕೆಗಳಿವೆ. ಬಂಗಾಳದ ಕಾಂಥಾ, ಬಿಹಾರದ ಸುಜನಿ, ಮಹಾರಾಷ್ಟ್ರದ ಗೋಧಡಿ, ಸಿಂಧ್ ಮತ್ತು ರಾಜಸ್ಥಾನದ ರಲ್ಲಿ ಇವುಗಳಲ್ಲಿ ಮುಖ್ಯವಾದವು. ಇವೆಲ್ಲವೂ ಹಳೆಯ ಬಟ್ಟೆ ಮತ್ತು ಸರಳವಾದ ನೇರ ಹೊಲಿಗೆಯನ್ನು ಆಧರಿಸಿವೆ. ಕಾಂಥಾದಲ್ಲಿ ಹೊಲಿಗೆಯೇ ಚಿತ್ರವಾಗುತ್ತದೆ. ಕೌದಿಯಲ್ಲಿ ಬಟ್ಟೆಯ ತುಂಡುಗಳ ಬಣ್ಣ ಮತ್ತು ಜೋಡಣೆಯೇ ವಿನ್ಯಾಸವಾಗುತ್ತದೆ.

ತಯಾರಿಕೆ

ಕೌದಿ ಹೊಲಿಯಲು ಬೇಕಾದ ಸಲಕರಣೆಗಳು ಸೂಜಿ, ದಪ್ಪ ಹತ್ತಿ ದಾರ ಮತ್ತು ಕತ್ತರಿ ಮಾತ್ರ. ಚೌಕಟ್ಟು ಅಥವಾ ಮಗ್ಗ ಬೇಕಾಗುವುದಿಲ್ಲ. ತಯಾರಿಕೆಯು ಸಾಮಾನ್ಯವಾಗಿ ಈ ಹಂತಗಳಲ್ಲಿ ನಡೆಯುತ್ತದೆ:

• ಹಳೆಯ ಬಟ್ಟೆಗಳನ್ನು ಒಗೆದು, ಒಣಗಿಸಿ, ಗಟ್ಟಿಯಾಗಿ ಉಳಿದ ಭಾಗಗಳನ್ನು ಬೇರ್ಪಡಿಸುವುದು.
• ಇಡೀ ಸೀರೆ ಅಥವಾ ಪಂಚೆಯನ್ನು ಅಡಿಯ ಪದರವಾಗಿ ನೆಲದ ಮೇಲೆ ಸುಕ್ಕಿಲ್ಲದಂತೆ ಹರಡುವುದು.
• ಅದರ ಮೇಲೆ ಸವೆದ ಬಟ್ಟೆಗಳನ್ನು ನಡುವಿನ ಪದರಗಳಾಗಿ ಹಾಸುವುದು. ತೆಳುವಾದ ಜಾಗಕ್ಕೆ ಹೆಚ್ಚುವರಿ ತುಂಡುಗಳನ್ನು ಇಟ್ಟು ದಪ್ಪವನ್ನು ಸಮಗೊಳಿಸುವುದು.
• ಮೇಲ್ಮೈಗೆ ಬಣ್ಣದ ತುಂಡುಗಳನ್ನು ಅಥವಾ ಇನ್ನೊಂದು ಸೀರೆಯನ್ನು ಹೊಂದಿಸಿ, ಅಂಚುಗಳನ್ನು ಒಳಕ್ಕೆ ಮಡಚುವುದು.
• ಎಲ್ಲ ಪದರಗಳನ್ನೂ ಹಿಡಿಯುವಂತೆ ಸೂಜಿಯನ್ನು ಮೇಲೆ ಕೆಳಗೆ ಸಾಗಿಸುತ್ತ ಒತ್ತೊತ್ತಾಗಿ ಸಾಲುಹೊಲಿಗೆ ಹಾಕುವುದು.

ಪದರಗಳ ಸಂಖ್ಯೆ ಬಳಕೆಯನ್ನು ಅವಲಂಬಿಸಿರುತ್ತದೆ. ಮಗುವಿನ ಹೊದಿಕೆಗೆ ಕೆಲವೇ ಪದರಗಳು ಸಾಕು. ಮಾಗಿಯ ಚಳಿಗೆ ಹೊದೆಯುವ ಅಥವಾ ನೆಲಕ್ಕೆ ಹಾಸುವ ಕೌದಿಗೆ ಹೆಚ್ಚು ಬೇಕು. ಹೊಲಿಗೆಯ ಸಾಲುಗಳು ಹತ್ತಿರವಿದ್ದಷ್ಟೂ ಕೌದಿ ಬಾಳಿಕೆ ಬರುತ್ತದೆ, ಒಳಗಿನ ಚಿಂದಿಗಳು ಒಗೆಯುವಾಗ ಸರಿದು ಗಂಟಾಗುವುದಿಲ್ಲ. ಪದರಗಳ ನಡುವೆ ಉಳಿಯುವ ಗಾಳಿಯು ದೇಹದ ಶಾಖವನ್ನು ಹಿಡಿದಿಡುವುದರಿಂದ ಕೌದಿ ಬೆಚ್ಚಗಿರುತ್ತದೆ. ಪದೇಪದೇ ಒಗೆದ ಹತ್ತಿಯ ಎಳೆ ಮೃದುವಾಗಿರುವುದರಿಂದ ಹಸುಗೂಸುಗಳಿಗೆ ಹೊಸ ಬಟ್ಟೆಗಿಂತ ಹಳೆಯ ಸೀರೆಯ ಮೆತ್ತೆಯೇ ಹಿತವೆಂದು ಹಿರಿಯರು ಭಾವಿಸುತ್ತಾರೆ.

ಕೌದಿ ಹೊಲಿಯುವುದು ಬಹುಮಟ್ಟಿಗೆ ಹೆಂಗಸರ ಕೆಲಸ. ಸುಗ್ಗಿ ಮುಗಿದು ಹೊಲದ ಕೆಲಸ ಕಡಿಮೆಯಾದ ದಿನಗಳ ಮಧ್ಯಾಹ್ನಗಳಲ್ಲಿ ಜಗಲಿಯ ಮೇಲೆ ಇಬ್ಬರು ಮೂವರು ಕೂತು ಒಂದೇ ಕೌದಿಯ ಬೇರೆ ಬೇರೆ ಬದಿಗಳಿಂದ ಹೊಲಿಯುವುದುಂಟು. ಉತ್ತರ ಕರ್ನಾಟಕದಲ್ಲಿ ಮನೆಯವರು ಕೊಟ್ಟ ಬಟ್ಟೆಗಳಿಂದ ಕೂಲಿಗೆ ಕೌದಿ ಹೊಲಿದುಕೊಡುವ ಮಹಿಳೆಯರೂ ಇದ್ದಾರೆ.

ನಂಜನಗೂಡು ಮತ್ತು ತಿ. ನರಸೀಪುರ ಪ್ರದೇಶ

ಕಪಿಲಾ ನದಿಯ ದಡದಲ್ಲಿರುವ ನಂಜನಗೂಡು ಹಾಗೂ ಕಾವೇರಿ–ಕಪಿಲಾ ಸಂಗಮದಲ್ಲಿರುವ ತಿ. ನರಸೀಪುರ ಜವಳಿಯೊಂದಿಗೆ ಹತ್ತಿರದ ನಂಟುಳ್ಳ ತಾಲ್ಲೂಕುಗಳು. ನಂಜನಗೂಡು ತಾಲ್ಲೂಕಿನಲ್ಲಿ ಹತ್ತಿ ಬೆಳೆಯುವ ಕಪ್ಪು ನೆಲವಿದೆ. ಇದೇ ತಾಲ್ಲೂಕಿನ ಬದನವಾಳು ಗ್ರಾಮದಲ್ಲಿ 1927ರಲ್ಲಿ ಖಾದಿ ಕೇಂದ್ರ ಆರಂಭವಾಗಿ, ಸುತ್ತಲಿನ ಹಳ್ಳಿಗಳ ಮಹಿಳೆಯರಿಗೆ ನೂಲುವ ಕೆಲಸವನ್ನು ಒದಗಿಸಿತು. ಗಾಂಧೀಜಿ ಈ ಕೇಂದ್ರಕ್ಕೆ ಭೇಟಿ ನೀಡಿದ್ದರು. 2015ರಲ್ಲಿ ರಂಗಕರ್ಮಿ ಪ್ರಸನ್ನ ಅವರ ನೇತೃತ್ವದಲ್ಲಿ ಕೈಉತ್ಪನ್ನಗಳು ಮತ್ತು ಸುಸ್ಥಿರ ಬದುಕಿನ ಪರವಾದ ಸತ್ಯಾಗ್ರಹ ನಡೆದದ್ದೂ ಬದನವಾಳಿನಲ್ಲಿಯೇ. ತಿ. ನರಸೀಪುರದಲ್ಲಿ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮಕ್ಕೆ ಸೇರಿದ ನೂಲು ಬಿಚ್ಚಾಣಿಕೆ ಕಾರ್ಖಾನೆ ಇದೆ. 1912ರಲ್ಲಿ ಸ್ಥಾಪನೆಯಾದ ಮೈಸೂರಿನ ರೇಷ್ಮೆ ನೇಯ್ಗೆ ಕಾರ್ಖಾನೆಯನ್ನೂ ಈ ನಿಗಮವೇ ನಡೆಸುತ್ತದೆ.

ಈ ಭಾಗದ ಮನೆಗಳಲ್ಲಿ ಹೊದಿಕೆಯಾಗಿ ಉಳಿಯುತ್ತಿದ್ದುದು ರೇಷ್ಮೆಯಲ್ಲ, ದಿನಬಳಕೆಯ ಹತ್ತಿ ಬಟ್ಟೆ. ರೇಷ್ಮೆ ಸೀರೆಯನ್ನು ಹಬ್ಬ ಮತ್ತು ಮದುವೆಗಳಿಗೆ ಮೀಸಲಾಗಿ ಪೆಟ್ಟಿಗೆಯಲ್ಲಿ ಇಡುತ್ತಿದ್ದರು. ಹಳತಾದರೆ ಜರಿಗಾಗಿ ಕೊಳ್ಳುವವರಿದ್ದರು. ಗದ್ದೆ ಕೆಲಸಕ್ಕೆ, ಅಡುಗೆಗೆ, ಬಾಣಂತನಕ್ಕೆ ಉಟ್ಟ ಸೀರೆಗಳು ಮಾತ್ರ ಸವೆದು ಹೊದಿಕೆಯ ಪದರಗಳಾದವು. ಹೀಗಾಗಿ ಮನೆಯ ವೈಭವದ ದಿನಗಳ ನೆನಪನ್ನು ರೇಷ್ಮೆ ಸೀರೆ ಉಳಿಸಿಕೊಂಡರೆ, ದುಡಿಮೆಯ ದಿನಗಳ ನೆನಪನ್ನು ಕೌದಿ ಉಳಿಸಿಕೊಂಡಿದೆ.

ನದಿಯ ನೆರೆಯೂ ಈ ಊರುಗಳ ಬದುಕಿನ ಭಾಗವಾಗಿದೆ. ಕಬಿನಿ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಕಪಿಲೆ ಉಕ್ಕಿ, ನಂಜನಗೂಡಿನ ತಗ್ಗು ಪ್ರದೇಶದ ಮನೆಗಳಿಗೆ ನೀರು ನುಗ್ಗುತ್ತದೆ. 2018 ಮತ್ತು 2019ರ ಮಳೆಗಾಲಗಳಲ್ಲಿ ಹೀಗಾಗಿತ್ತು. ದಪ್ಪ ಪದರಗಳ ಹತ್ತಿ ಹೊದಿಕೆ ನೀರನ್ನು ಬಹಳವಾಗಿ ಹೀರುತ್ತದೆ ಮತ್ತು ನಿಧಾನವಾಗಿ ಒಣಗುತ್ತದೆ. ಮಳೆಗಾಲದಲ್ಲಿ ನೆನೆದ ಕೌದಿಗೆ ಬೂಷ್ಟು ಹಿಡಿದು ಎಳೆಗಳು ಕೊಳೆಯುವುದು ಬೇಗ. ಪರಿಹಾರದ ಲೆಕ್ಕದಲ್ಲಿ ಬೆಲೆಯಿಲ್ಲದ ಇಂಥ ವಸ್ತುಗಳೇ ಮನೆಯವರ ಪಾಲಿಗೆ ಮತ್ತೆ ಗಳಿಸಲಾಗದವು.

ನೆನಪಿನ ವಸ್ತುವಾಗಿ

ಕೌದಿಯ ಮೇಲ್ಮೈಯನ್ನು ನೋಡಿ ‘ಇದು ಅಜ್ಜಿಯ ಸೀರೆ’, ‘ಇದು ಅಕ್ಕನ ಲಂಗ’, ‘ಇದು ಅಪ್ಪನ ಅಂಗಿ’ ಎಂದು ಗುರುತಿಸುವುದು ಕೌದಿ ಇರುವ ಮನೆಗಳಲ್ಲಿ ಸಾಮಾನ್ಯ. ಫೋಟೊ ತೆಗೆಸುವ ಅನುಕೂಲವಿಲ್ಲದಿದ್ದ ಕುಟುಂಬಗಳಲ್ಲಿ ತೀರಿಕೊಂಡ ಹೆಣ್ಣುಮಕ್ಕಳ ಕುರಿತು ಉಳಿದ ಏಕೈಕ ಕುರುಹು ಇಂಥ ಒಂದು ತುಂಡು ಬಟ್ಟೆಯಾಗಿರಬಹುದು. ಹೆಂಗಸರ ಹೆಸರಿನಲ್ಲಿ ಜಮೀನಿನ ಪತ್ರಗಳಾಗಲಿ ಬರಹವಾಗಲಿ ವಿರಳವಾಗಿದ್ದ ಕಾಲಕ್ಕೆ ಸಂಬಂಧಿಸಿದಂತೆ ಈ ಅಂಶ ಮಹತ್ವದ್ದು. ಹೊಲಿಗೆಯ ಸಾಲಿನ ಅಂತರ, ದಾರದ ಬಣ್ಣದ ಆಯ್ಕೆ, ಗಂಟು ಹಾಕುವ ರೀತಿ ಇವು ಹೊಲಿದವರ ಕೈಬರಹದಂತೆ ಪ್ರತ್ಯೇಕವಾಗಿರುತ್ತವೆ.

ಮಗಳು ಬಾಣಂತನ ಮುಗಿಸಿ ಗಂಡನ ಮನೆಗೆ ಮರಳುವಾಗ ತೊಟ್ಟಿಲು, ಕುಲಾವಿ, ಕುಂಚಿಗೆಗಳೊಂದಿಗೆ ಕೌದಿಯನ್ನೂ ಕೊಟ್ಟು ಕಳುಹಿಸುವ ರೂಢಿ ಉತ್ತರ ಕರ್ನಾಟಕದಲ್ಲಿದೆ. ತವರಿನವರ ಹಳೆಯ ಬಟ್ಟೆಗಳು ಈ ಮೂಲಕ ಇನ್ನೊಂದು ಮನೆಯ ಮಗುವಿನ ಮೈಗೆ ತಲುಪುತ್ತವೆ. ಮಹಾನವಮಿಗೆ ಮೊದಲು ಮನೆಯ ಎಲ್ಲ ಕೌದಿಗಳನ್ನು ಹೊಳೆ ಅಥವಾ ಕೆರೆಗೆ ಒಯ್ದು ಒಗೆದು ಹರವುವುದು ಅಲ್ಲಿನ ವಾರ್ಷಿಕ ಕೆಲಸ.

ಎಲ್ಲ ಕುಟುಂಬಗಳೂ ಹಳೆಯ ಬಟ್ಟೆಯನ್ನು ಒಂದೇ ರೀತಿ ಕಾಣುವುದಿಲ್ಲ. ಮೃತರ ಹಾಸಿಗೆ ಮತ್ತು ಬಟ್ಟೆಗಳನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದೆಂಬ ನಂಬಿಕೆ ಹಲವೆಡೆ ಇದೆ. ಮಡಿ ಆಚರಿಸುವ ಮನೆಗಳಲ್ಲಿ ಹತ್ತಿಯ ಹಾಸಿಗೆ ಹೊದಿಕೆಗಳು ಮೈಲಿಗೆಯೆನಿಸಿ ಪೂಜೆ ಮತ್ತು ಅಡುಗೆಯ ಸ್ಥಳಗಳಿಂದ ದೂರವಿರುತ್ತವೆ. ಇನ್ನು ಕೆಲವರು ತೀರಿಕೊಂಡ ತಾಯಿಯ ಸೀರೆಯನ್ನು ಉಡದೆ, ದಾನವನ್ನೂ ಮಾಡದೆ, ಹೊದಿಕೆಯಾಗಿ ಹೊಲಿಸಿ ಉಳಿಸಿಕೊಳ್ಳುತ್ತಾರೆ.

ಮನೆಯ ವಸ್ತುಗಳು ಮನೆಯವರ ಕತೆಯನ್ನು ಬಲ್ಲವು ಎಂಬ ಕಲ್ಪನೆ ಈ ಪ್ರದೇಶದ ಸಾಹಿತ್ಯದಲ್ಲಿಯೂ ಕಾಣುತ್ತದೆ. ನಂಜನಗೂಡು ತಾಲ್ಲೂಕಿನ ದೇವನೂರಿನವರಾದ ದೇವನೂರ ಮಹಾದೇವ ಅವರ ‘ಕುಸುಮಬಾಲೆ’ (1984) ಕೃತಿಯಲ್ಲಿ ದೀಪದ ಜೋತಮ್ಮಂದಿರ ಮುಂದೆ ಮಂಚವೊಂದು ಮಾತನಾಡುತ್ತದೆ.

ಹೊರದೇಶಗಳಲ್ಲಿಯೂ ಹೊದಿಕೆಯು ನೆನಪಿನ ಸಾರ್ವಜನಿಕ ರೂಪವಾದ ಉದಾಹರಣೆಗಳಿವೆ. ಏಡ್ಸ್‌ನಿಂದ ಮೃತಪಟ್ಟವರ ನೆನಪಿಗಾಗಿ ಬಂಧುಮಿತ್ರರು ಹೊಲಿದ 1,920 ಫಲಕಗಳ ಬೃಹತ್ ಹೊದಿಕೆಯನ್ನು 1987ರ ಅಕ್ಟೋಬರ್‌ನಲ್ಲಿ ಅಮೆರಿಕದ ವಾಷಿಂಗ್ಟನ್ ನಗರದಲ್ಲಿ ಮೊದಲ ಬಾರಿಗೆ ಪ್ರದರ್ಶಿಸಲಾಯಿತು. ಮುಂದೆ ಅದು ಜಗತ್ತಿನ ಅತಿ ದೊಡ್ಡ ಸಮುದಾಯ ಕಲಾಕೃತಿಗಳಲ್ಲಿ ಒಂದಾಗಿ ಬೆಳೆಯಿತು.

ಸಿದ್ದಿಯರ ಕವಂದಿ

ಯಲ್ಲಾಪುರ, ಹಳಿಯಾಳ ಮತ್ತು ಮುಂಡಗೋಡ ತಾಲ್ಲೂಕುಗಳಲ್ಲಿ ನೆಲೆಸಿರುವ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಕವಂದಿಗಳು ಕರ್ನಾಟಕದ ಕೌದಿಗಳಲ್ಲಿ ಅಂತರರಾಷ್ಟ್ರೀಯವಾಗಿ ಹೆಚ್ಚು ಪರಿಚಿತವಾದವು. ಇವುಗಳನ್ನು ಒಂದು ಮೂಲೆಯಿಂದ ಆರಂಭಿಸಿ, ಅಂಚಿನುದ್ದಕ್ಕೂ ಸಾಗಿ, ಸುತ್ತುಸುತ್ತಾಗಿ ನಡುವಿನತ್ತ ಹೊಲಿಯುತ್ತಾರೆ. ನಾಲ್ಕು ಮೂಲೆಗಳಲ್ಲಿ ಮಡಚಿದ ಬಟ್ಟೆಯ ‘ಫುಲ’ ಎಂಬ ಹೂವುಗಳನ್ನು ಕೂಡಿಸುವುದು ಇವುಗಳ ವೈಶಿಷ್ಟ್ಯ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಜಾನ್ ಡ್ರೂವಲ್ ಇವುಗಳ ಕುರಿತು ಅಧ್ಯಯನ ನಡೆಸಿದ್ದಾರೆ. 2011ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರದ ಆಫ್ರಿಕನ್ ಡಯಾಸ್ಪೊರಾ ವಸ್ತುಸಂಗ್ರಹಾಲಯದಲ್ಲಿ ಕವಂದಿಗಳ ಪ್ರದರ್ಶನ ನಡೆಯಿತು.

ಬಳಕೆಯ ಕುಸಿತ

20ನೆಯ ಶತಮಾನದ ಕೊನೆಯ ದಶಕಗಳಿಂದ ಕೌದಿಯ ಬಳಕೆ ಕಡಿಮೆಯಾಗುತ್ತ ಬಂದಿದೆ. ಇದಕ್ಕೆ ಹಲವು ಕಾರಣಗಳಿವೆ. ಕಡಿಮೆ ಬೆಲೆಯ ಕಾರ್ಖಾನೆಯ ರಗ್ಗುಗಳು ಎಲ್ಲೆಡೆ ದೊರೆಯುತ್ತವೆ. ಹತ್ತಿ ಸೀರೆಯ ಸ್ಥಾನವನ್ನು ಪಾಲಿಯೆಸ್ಟರ್ ಸೀರೆ ಆಕ್ರಮಿಸಿದೆ. ಪಾಲಿಯೆಸ್ಟರ್ ಬೆವರನ್ನು ಹೀರುವುದಿಲ್ಲ, ನುಣುಪಾಗಿರುವುದರಿಂದ ಪದರಗಳು ಜಾರುತ್ತವೆ, ಹಳತಾದರೂ ಹತ್ತಿಯಂತೆ ಮೆತ್ತಗಾಗುವುದಿಲ್ಲ. ಹಳೆಯ ಬಟ್ಟೆ ಕೊಟ್ಟರೆ ಸ್ಟೀಲ್ ಪಾತ್ರೆ ಕೊಡುವ ವ್ಯಾಪಾರಿಗಳು ಊರೂರು ಸುತ್ತತೊಡಗಿದ ಮೇಲೆ ಹಲವು ಮನೆಗಳ ಹಳೆಯ ಸೀರೆಗಳು ಪಾತ್ರೆಗಳಾಗಿ ಬದಲಾದವು. ಹೆಣ್ಣುಮಕ್ಕಳು ಕಾರ್ಖಾನೆ ಮತ್ತು ಕಚೇರಿಗಳ ಕೆಲಸಕ್ಕೆ ಹೋಗತೊಡಗಿದ್ದರಿಂದ ದಿನಗಟ್ಟಲೆ ಕೂತು ಹೊಲಿಯುವ ಬಿಡುವು ಉಳಿದಿಲ್ಲ.

ಇನ್ನೊಂದೆಡೆ ಕೌದಿಯು ನಗರಗಳ ಕರಕುಶಲ ಮಾರುಕಟ್ಟೆಯನ್ನು ಪ್ರವೇಶಿಸಿದೆ. ಅಲ್ಲಿ ಮಾರಾಟವಾಗುವ ಕೌದಿಗಳಲ್ಲಿ ಹೊಸ ಬಟ್ಟೆಯ ಬಳಕೆಯೂ ಇದೆ. ಇದರಿಂದ ಹೊಲಿಯುವವರಿಗೆ ಆದಾಯ ದೊರೆತು ಕೌಶಲ ಉಳಿಯುತ್ತದೆ. ಆದರೆ ಒಂದು ಮನೆಯ ಬಟ್ಟೆಯಿಂದ ಅದೇ ಮನೆಗಾಗಿ ಹೊಲಿದ ಹೊದಿಕೆಗಿರುವ ಸಂಬಂಧ ಅದರಲ್ಲಿರುವುದಿಲ್ಲ.

ಸಂರಕ್ಷಣೆ

ಕೌದಿ ಬಳಸಿ ಸವೆಯುವುದಕ್ಕೆಂದೇ ತಯಾರಾದ ವಸ್ತುವಾದ್ದರಿಂದ ಬಹಳ ಹಳೆಯ ಮಾದರಿಗಳು ಉಳಿದಿರುವುದು ಕಡಿಮೆ. ಮೇಲ್ಮೈ ಹರಿದಾಗ ಅದರ ಮೇಲೆಯೇ ಹೊಸ ತುಂಡು ಹೊಲಿಯುವ ರೂಢಿಯಿಂದಾಗಿ ಕೆಲವು ಕೌದಿಗಳ ಒಳಪದರದಲ್ಲಿ ಹಿಂದಿನ ತಲೆಮಾರಿನ ಕೌದಿಯೇ ಅಡಗಿರುತ್ತದೆ. ಹಳೆಯ ಹತ್ತಿ ವಸ್ತ್ರಗಳಿಗೆ ಮುಖ್ಯ ಶತ್ರುಗಳು ಬಿಸಿಲು, ತೇವ, ನುಸಿ ಮತ್ತು ಇಲಿ. ಮನೆಗಳಲ್ಲಿ ಒಣಗಿದ ಬೇವಿನ ಸೊಪ್ಪನ್ನು ಮಡಿಕೆಗಳ ನಡುವೆ ಇಡುವುದು ಹಳೆಯ ಕ್ರಮ. ವಸ್ತ್ರ ಸಂರಕ್ಷಣೆಯ ಸಾಮಾನ್ಯ ತತ್ತ್ವಗಳಂತೆ ಇವುಗಳನ್ನು ಹಿಂಡದೆ ಒಗೆಯುವುದು, ನೆರಳಿನಲ್ಲಿ ಸಮತಟ್ಟಾಗಿ ಹರಡಿ ಒಣಗಿಸುವುದು, ಒಂದೇ ಗೆರೆಯಲ್ಲಿ ಹರಿಯದಂತೆ ಮಡಿಕೆಗಳನ್ನು ಆಗಾಗ ಬದಲಿಸುವುದು ಸೂಕ್ತ.

ವಸ್ತುವಿಗಿಂತ ಬೇಗ ನಾಶವಾಗುವುದು ಅದರ ಮಾಹಿತಿ. ಯಾವ ತುಂಡು ಯಾರದು, ಯಾರು, ಯಾವಾಗ ಹೊಲಿದರು ಎಂಬುದು ಮನೆಯ ಹಿರಿಯರ ಬಾಯಿಮಾತಿನಲ್ಲಿ ಮಾತ್ರ ಇರುತ್ತದೆ. ಅವರ ನಂತರ ಕೌದಿಯು ಬಣ್ಣದ ತುಂಡುಗಳ ಹೊದಿಕೆಯಾಗಿ ಮಾತ್ರ ಉಳಿಯುತ್ತದೆ. ಆದ್ದರಿಂದ ಕೌದಿಯ ಛಾಯಾಚಿತ್ರದೊಂದಿಗೆ ಈ ವಿವರಗಳನ್ನೂ ಬರೆದಿಡುವುದು ಜಾನಪದ ದಾಖಲಾತಿಯ ಅಗತ್ಯ ಭಾಗ. ಗ್ರಾಮೀಣ ಬದುಕಿನ ಗೃಹೋಪಯೋಗಿ ವಸ್ತುಗಳ ದೊಡ್ಡ ಸಂಗ್ರಹಗಳನ್ನು ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ ಹಾಗೂ ರಾಮನಗರದ ಜಾನಪದ ಲೋಕ ಹೊಂದಿವೆ.

ಇವನ್ನೂ ನೋಡಿ

• ಕಂಬಳಿ
• ಖಾದಿ
• ಸಿದ್ದಿ ಜನಾಂಗ
• ಮೈಸೂರು ರೇಷ್ಮೆ
• ಬದನವಾಳು