ನೊಣದ ಕಾಲು

ನಾವು ಕೌದಿ ಅಂತೀವಲ್ಲ, ಅಂಥದನ್ನೇ ಅಮೆರಿಕದ ಹೆಂಗಸರೂ ಬಟ್ಟೆಚೂರು ಜೋಡಿಸಿ ಹೊಲೆದರು. ಹಳೆಯ ಕೆಲವದರಲ್ಲಿ ಸ್ವಸ್ತಿಕವಿದೆ. ಅವರಲ್ಲಿ ಅದಕ್ಕೊಂದು ಹೆಸರು ‘ನೊಣದ ಕಾಲು’. ದ್ವೇಷದ ಮಾತೇ ಇರಲಿಲ್ಲ. ಅಲ್ಲಿನ ಮೂಲನಿವಾಸಿಗಳಾದ ನವಾಹೋ ಹೆಂಗಸರ ಕಂಬಳಿಯಲ್ಲೂ ಅದೇ ಗುರುತು. ಅವರಿಗದು ಸುಳಿಯಲ್ಲಿ ಸುತ್ತುವ ಮರದ ದಿಮ್ಮಿ, ರೋಗ ವಾಸಿಮಾಡುವ ಆಚರಣೆಗೆ ಸೇರಿದ್ದು. ಬಿಳಿ ವ್ಯಾಪಾರಿಗಳು ಹೇಳಿ ನೇಯಿಸಿ ಮಾರಿಕೊಂಡದ್ದೂ ಉಂಟು.

1920ರಲ್ಲಿ ನಾಜಿ ಪಕ್ಷ ಅದನ್ನು ಬಾವುಟಕ್ಕೆ ಹಾಕಿಕೊಂಡಿತು. 1940ರಲ್ಲಿ ಅರಿಜೋನಾದಲ್ಲಿ ನವಾಹೋ, ಹೋಪಿ, ಅಪಾಚೆ, ಪಾಪಾಗೋ ಎಂಬ ನಾಲ್ಕು ಬುಡಕಟ್ಟುಗಳವರು ಇನ್ನು ಇದನ್ನು ನೇಯೋದಿಲ್ಲ ಎಂದು ರುಜು ಹಾಕಿದರು. ಕೆಡಿಸಿದವನು ಹಿಟ್ಲರ್, ಬಿಟ್ಟುಕೊಟ್ಟವರು ನೆಲ ಕಳಕೊಂಡವರು! ಆದರೂ ಆ ಬಾವುಟದಡಿ ಸುಮಾರು 60 ಲಕ್ಷ ಯಹೂದಿಗಳ ಕೊಲೆಯಾಯಿತು. ಹಳೆಯ ಕೌದಿ ಕಂಡು ಯಹೂದಿ ಮುದುಕಿಯೊಬ್ಬಳು ಮುಖ ತಿರುಗಿಸಿದರೆ, ‘ಇದು ಬರೀ ನೊಣದ ಕಾಲು’ ಎಂದು ನಾವು ಯಾವ ಬಾಯಲ್ಲಿ ಹೇಳೋಣ?