ನೊಳಂಬರು ಹೋದ ಮೇಲೆ

ಬೊಮ್ಮಸಂದ್ರದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಲೇತ್ ಶಾಪ್ ಇಟ್ಟುಕೊಂಡವನಿಗೆ ಬೇಗೂರಿನ ಶಾಸನದ ಹುಚ್ಚೇಕೆ ಎಂದು ಕೇಳುವವರಿದ್ದಾರೆ. ಆ ಕಲ್ಲಿನಲ್ಲಿ ನಮ್ಮ ಸೀಮೆಯ ಊರುಗಳಿವೆ, ಅದಕ್ಕೆ. ಕ್ರಿ.ಶ. 900ರ ಆಸುಪಾಸು, ಗಂಗರ ಎರೆಯಪ್ಪನ ಆಳ್ವಿಕೆ. ನಾಗತ್ತರನೆಂಬ ವೀರ ತುಂಬೆಪಾಡಿಯಲ್ಲಿ ವೀರಮಹೇಂದ್ರನೆಂಬವನ ಸೈನ್ಯದೊಡನೆ ಕಾದಿ ಸತ್ತ. ದೊರೆ ಬೇಗೂರಿನ ಸುತ್ತಲ ಹಳ್ಳಿಗಳನ್ನು ಇರುಗನೆಂಬವನಿಗೆ ಕೊಟ್ಟ. ಆ ಪಟ್ಟಿಯಲ್ಲಿ ಇಗ್ಗಲೂರು, ಕೂಡಲೆ ಎಂಬ ಹೆಸರುಗಳಿವೆ. ಚಂದಾಪುರದ ಪಕ್ಕ ಇಗ್ಗಲೂರು, ಹೊಸೂರು ರಸ್ತೆಗೆ ಹತ್ತಿರ ಕೂಡ್ಲು ಇವತ್ತಿಗೂ ಇವೆ.

ನಾಗತ್ತರ ಪ್ರಾಣ ಕೊಟ್ಟದ್ದು ಗಂಗರ ನೆರೆಯ ನೊಳಂಬರ ದೊರೆ ಅಯ್ಯಪದೇವನಿಗೆ ಒತ್ತಾಸೆಯಾಗಿ ಹೋಗಿ. ನನಗೆ ಮುಖ್ಯ ಅನ್ನಿಸುವುದು ಇದೇ. ಗಂಗರ ಮನೆಮಗಳು ಜಾಯಬ್ಬೆ ನೊಳಂಬರ ಮನೆಯ ಸೊಸೆಯಾಗಿದ್ದವಳು. ಮುಂದೆ ಬಡಗಣ ರಾಷ್ಟ್ರಕೂಟರ ಮೂರನೆಯ ಕೃಷ್ಣನ ಅಕ್ಕ ರೇವಕನಿಮ್ಮಡಿಯನ್ನು ಗಂಗರ ಇಮ್ಮಡಿ ಬೂತುಗ ಮದುವೆಯಾದ. 949ರಲ್ಲಿ ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಕೊಂದವನೂ ಬೂತುಗನೇ. ಅದಕ್ಕೆ ಮೆಚ್ಚಿ ಕೃಷ್ಣ ಬನವಾಸಿ, ಬೆಳ್ವೊಲ ನಾಡುಗಳನ್ನು ಕೊಟ್ಟ ಸಂಗತಿ ಆತಕೂರಿನ ಕಲ್ಲಿನಲ್ಲಿದೆ. ಹೀಗೆ ಬಾಂಧವ್ಯ, ದಂಡು, ಇನಾಮು ಎಲ್ಲ ಒಂದರೊಳಗೊಂದು ಹೆಣೆದುಕೊಂಡಿದ್ದವು. ಆ ಹೆಣಿಗೆ ಇರುವವರೆಗೆ ಚೋಳರಿಗೆ ಈ ಕಡೆ ಕಾಲೂರಲು ಆಗಲಿಲ್ಲ.

ಬಿದ್ದದ್ದು ಮಾತ್ರ ಒಂದೇ ತಲೆಮಾರಿನಲ್ಲಿ. 972ರಲ್ಲಿ ಮಾಳವದ ಸೀಯಕ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವನ್ನು ಸೂರೆ ಮಾಡಿದ. ಮರುವರ್ಷ ಸಾಮಂತನಾಗಿದ್ದ ಚಾಲುಕ್ಯ ತೈಲಪನೇ ಸಿಂಹಾಸನ ಕಿತ್ತುಕೊಂಡ. ಗಂಗರ ಮಾರಸಿಂಹ ತನ್ನ ಸೋದರಳಿಯ ನಾಲ್ವಡಿ ಇಂದ್ರನಿಗೆ ಪಟ್ಟ ಕಟ್ಟಿ ರಾಷ್ಟ್ರಕೂಟರನ್ನು ಉಳಿಸಲು ಹೆಣಗಿದ, ಆಗಲಿಲ್ಲ. ಅವನು ಬಂಕಾಪುರದಲ್ಲಿ ಸಲ್ಲೇಖನ ಕೈಗೊಂಡು ದೇಹ ಬಿಟ್ಟ. ಇಂದ್ರ 982ರಲ್ಲಿ ಶ್ರವಣಬೆಳಗೊಳದಲ್ಲಿ ಅದೇ ದಾರಿ ಹಿಡಿದ. ಸೋದರಮಾವ, ಅಳಿಯ ಇಬ್ಬರೂ ಅನ್ನ ಬಿಟ್ಟು ಪ್ರಾಣ ಬಿಟ್ಟದ್ದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಆದರೂ ಮಾರಸಿಂಹನ ಮೇಲೆ ನನ್ನದೊಂದು ತಕರಾರಿದೆ. ಅವನ ದೊಡ್ಡ ಬಿರುದು ನೊಳಂಬಕುಲಾಂತಕ. ಯಾವ ನೊಳಂಬರಿಗಾಗಿ ಬೇಗೂರಿನ ನಾಗತ್ತರ ಸತ್ತನೋ ಅವರನ್ನೇ ಇವನು ಹೊಸಕಿಹಾಕಿದ. ಗಂಗರಿಗೂ ಚೋಳರಿಗೂ ನಡುವೆ ಅಡ್ಡ ನಿಂತಿದ್ದದ್ದು ಹೇಮಾವತಿ, ಆವನಿ ಕಡೆಯ ಆ ನೊಳಂಬವಾಡಿಯೇ. ಬಡಗಣದ ಆಸರೆ ಮುರಿದಾಗ ಮೂಡಣದ ತಡೆಯೂ ಇರಲಿಲ್ಲ. ರಾಜರಾಜ ಚೋಳ ತಾನು ಗೆದ್ದ ನಾಡುಗಳಲ್ಲಿ ಗಂಗಪಾಡಿ, ನುಳಂಬಪಾಡಿಗಳನ್ನು ಜೊತೆಜೊತೆಗೇ ಹೇಳಿಕೊಂಡಿದ್ದಾನೆ. 1004ರ ಹೊತ್ತಿಗೆ ಗಂಗರ ರಾಜಧಾನಿ ತಲಕಾಡು ಬಿತ್ತು, ಆಮೇಲೆ ಅದರ ಹೆಸರು ರಾಜರಾಜಪುರವಾಯಿತು.

ಕ್ರಿ.ಪೂ. 1200ರ ಸುಮಾರಿಗೆ ಪೂರ್ವ ಮೆಡಿಟರೇನಿಯನ್ ಕಡೆ ಹಿಟ್ಟೈಟರು, ಮೈಸೀನೆಯವರು, ಉಗರಿಟ್ ಪಟ್ಟಣ ಒಬ್ಬರ ಹಿಂದೊಬ್ಬರು ಅಳಿದ ಕತೆಯನ್ನು ಓದುವಾಗಲೂ ನನಗೆ ತಲಕಾಡೇ ಕಣ್ಣಮುಂದೆ ಬರುತ್ತದೆ. ಆ ಮೆಡಿಟರೇನಿಯನ್ ನಾಡುಗಳಲ್ಲಿ ಕಂಚಿಗೆ ಬೇಕಾದ ತಾಮ್ರ ಸೈಪ್ರಸ್‌ನಿಂದ, ತವರ ಅದಕ್ಕಿಂತ ದೂರದಿಂದ ಬರಬೇಕಿತ್ತು. ಬರ, ದಾಳಿ, ದಂಗೆ ಇವೆಲ್ಲ ಅವರಿಗೆ ಹೊಸವೇನಲ್ಲ. ಹಿಂದೆಲ್ಲ ಒಬ್ಬರು ಕುಗ್ಗಿದಾಗ ಇನ್ನೊಬ್ಬರು ಕೈ ಹಿಡಿಯುತ್ತಿದ್ದರು. ಎಲ್ಲರೂ ಒಟ್ಟಿಗೆ ಕುಗ್ಗಿದಾಗ ಕೈ ಹಿಡಿಯುವವರೇ ಇಲ್ಲವಾದರು. ನಮ್ಮ ಏರಿಯಾದಲ್ಲಿ ದೊಡ್ಡ ಕಾರ್ಖಾನೆಯೊಂದು ಆರ್ಡರ್ ನಿಲ್ಲಿಸಿದರೆ ಪ್ಲೇಟಿಂಗ್‌ನವನು, ಹೀಟ್ ಟ್ರೀಟ್‌ಮೆಂಟ್‌ನವನು, ಟೆಂಪೋದವನು ಒಂದೇ ತಿಂಗಳಲ್ಲಿ ಕೈಚೆಲ್ಲುವುದನ್ನು ಕಂಡವನಿಗೆ ಇದು ಬೇಗ ಅರ್ಥವಾಗುತ್ತದೆ.

ಆದರೆ ತಲಕಾಡಿನೊಂದಿಗೆ ಎಲ್ಲವೂ ಬೀಳಲಿಲ್ಲ. ನಮ್ಮ ಸೀಮೆಯ ಅಗರದಲ್ಲಿ ಇರುಗಮಯ್ಯನ ಮಗ ಸಿರಿಮಯ್ಯ ಸುಮಾರು 870ರಲ್ಲಿ ಎರಡು ಕೆರೆಗಳಿಗೆ ತೂಬು ಇಡಿಸಿ, ಮೂಡಣ ಕೆರೆಯನ್ನು ಕಟ್ಟಿಸಿದ. ಕೆರೆಗೆ ನೀರು ಮಾನ್ಯಖೇಟದಿಂದ ಬರಬೇಕಿರಲಿಲ್ಲ, ತಲಕಾಡಿನಿಂದಲೂ ಅಲ್ಲ. ಮಳೆ, ಏರಿ, ಹೂಳೆತ್ತುವ ಜನ ಇದ್ದರೆ ಸಾಕಿತ್ತು. ದೊರೆಗಳು ಬದಲಾದರೂ ಗದ್ದೆ ಬೆಳೆಯಿತು, ಕಂದಾಯ ಚೋಳರಿಗೆ ಹೋಯಿತು. ಬೇಗೂರಿನ ನಾಗೇಶ್ವರನ ಆವರಣದಲ್ಲಿ ಗಂಗರು ಕಟ್ಟಿದ ಗುಡಿಗಳ ಪಕ್ಕದಲ್ಲೇ ಚೋಳರ ಕಾಲದ ಗುಡಿಗಳೂ ಎದ್ದವು.